ಕುತ್ತಿಗೆ ತಿರುಗಿಸಿದರೆ ಕಿರ್ ಅನ್ನುವ ಗೊಂಬೆ

ಸೆಂಡಾಯ್, ಜಪಾನ್

ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಇಲ್ಲಿ ಚಳಿ ಶುರುವಾಗಿದೆ. ಅಮ್ಮ ಕೊಟ್ಟ ಸ್ವೆಟರ್ ದಿನಾ ಹಾಕುತ್ತೇನೆ. ಅಜ್ಜಿಯ ಮಂಡಿ ನೋವು ಈಗ ಹೇಗಿದೆ?

ಅಪ್ಪ, ಇದು ಫೋನಿನಲ್ಲಿ ಹೇಳಿ ಮುಗಿಸೋ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೋದ ಭಾನುವಾರ ನರುಕೋ ಅನ್ನೋ ಊರಿಗೆ ಹೋಗಿದ್ದೆ. ಬೆಟ್ಟಗಳ ನಡುವೆ ಬಿಸಿನೀರಿನ ಬುಗ್ಗೆಗಳಿರೋ ಊರು. ರೈಲು ಇಳಿದ ಕೂಡಲೇ ಗಂಧಕದ ವಾಸನೆ. ನಾಲ್ಕು ಹೆಜ್ಜೆ ನಡೆದರೆ ಇನ್ನೊಂದು ವಾಸನೆ, ಮರ ಕಡೆಯೋ ವಾಸನೆ. ಚನ್ನಪಟ್ಟಣದ ನಮ್ಮ ಶೆಡ್ಡಿನದೇ ಅನ್ನಿಸಿತು. ಅಲ್ಲೇ ನಿಂತುಬಿಟ್ಟೆ.

ಇಲ್ಲಿ ಕಡೆಯೋ ಗೊಂಬೆಗೆ ಕೊಕೆಶಿ ಅಂತಾರೆ. ಕೈಯಿಲ್ಲ, ಕಾಲಿಲ್ಲ. ಉದ್ದನೆ ಮೈ, ಮೇಲೊಂದು ಗುಂಡು ತಲೆ, ಅಷ್ಟೇ. ಬಟ್ಟಲು, ತಟ್ಟೆ ಕಡೆಯುತ್ತಿದ್ದವರು ಸುಮಾರು 200 ವರ್ಷದ ಹಿಂದೆ ಈ ಗೊಂಬೆ ಮಾಡೋಕೆ ಶುರು ಮಾಡಿದರಂತೆ. ಬಿಸಿನೀರಿನ ಸ್ನಾನಕ್ಕೆ ಬಂದ ರೈತರು ಮನೆಯ ಮಕ್ಕಳಿಗೆ ಅಂತ ಕೊಂಡುಹೋಗುತ್ತಿದ್ದರಂತೆ. ಬೆಂಗಳೂರು–ಮೈಸೂರು ಹಳೇ ರಸ್ತೆಯಲ್ಲಿ ಹೋಗೋರು ನಮ್ಮೂರಲ್ಲಿ ಗಾಡಿ ನಿಲ್ಲಿಸುತ್ತಿದ್ದ ಹಾಗೆ.

ಮರದ ಹೆಸರು ಕೇಳಿದರೆ ನಿಮಗೆ ಖುಷಿಯಾಗುತ್ತೆ. ಮಿಜುಕಿ. ಅಂದರೆ ನೀರಿನ ಮರ. ನಮ್ಮದು ಹಾಲು ಸುರಿಸೋ ಹಾಲೆ ಮರ, ಇವರದು ನೀರು ಸುರಿಸೋ ಮರ! ಇದೂ ಬಿಳಿ, ಇದೂ ಮೆದು. ತೊಗಟೆ ಸುಲಿದು ತಿಂಗಳುಗಟ್ಟಲೆ ಹೊರಗೆ ಒಣಗಿಸುತ್ತಾರೆ.

ಒಂದು ಅಂಗಡಿಯ ಯಜಮಾನರು ತಮ್ಮ ಎದುರಿಗೇ ಕೂರಿಸಿಕೊಂಡು ತೋರಿಸಿದರು. ಮೈ ಲೇತಿನ ಮೇಲೆ ಸುತ್ತುತ್ತಿರುವಾಗಲೇ ಕುಂಚ ತಾಗಿಸಿ ಗೆರೆ ಎಳೆದರು. ನಮ್ಮ ಹಾಗೆ ಅರಗಿನ ಕಡ್ಡಿ ಒತ್ತೋದಿಲ್ಲ. ಅರಗು ಬಿಸಿಗೆ ಕರಗಿ ಬಣ್ಣ ಹಿಡಿಯೋದು, ಆಮೇಲೆ ತಾಳೆಗರಿ ಹಿಡಿದಾಗ ಬರೋ ಆ ಹೊಳಪು, ಅದು ಇಲ್ಲಿಲ್ಲ. ಇವರದು ತೆಳ್ಳನೆ ಬಣ್ಣ, ಮೇಲೆ ಮೇಣ. ಮರದ ಎಳೆ ಹಾಗೇ ಕಾಣುತ್ತೆ. ಹೊಳಪಿನಲ್ಲಿ ನಮ್ಮದೇ ಮೇಲು ಅಂತ ನನಗನ್ನಿಸಿತು.

ಆದರೆ ತಲೆ ಕೂರಿಸಿದ್ದು ನೋಡಬೇಕಿತ್ತು ನೀವು. ಮೈಯ ಮೇಲ್ತುದಿಯಲ್ಲಿ ಒಂದು ತೂತು. ಅದು ಜೋರಾಗಿ ಸುತ್ತುತ್ತಿರುವಾಗ ತಲೆಯ ಕುತ್ತಿಗೆಯನ್ನು ಅದರೊಳಗೆ ಬಲವಾಗಿ ಒತ್ತಿದರು. ಮರಕ್ಕೆ ಮರ ಉಜ್ಜಿ ಬಿಸಿಯಾಯಿತು. ಕಿರ್ರನೆ ಶಬ್ದ, ಒಂದು ಟಕ್, ಒಳಗೆ ಕೂತಿತು. ಗೋಂದಿಲ್ಲ, ಮೊಳೆಯಿಲ್ಲ. ಇನ್ನು ಎಳೆದರೆ ಬರೋದಿಲ್ಲ, ಆದರೆ ತಿರುಗುತ್ತೆ. ತಿರುಗಿಸಿದಾಗಲೆಲ್ಲ ಕಿರ್, ಕಿರ್ ಅನ್ನುತ್ತೆ. ಆ ಸದ್ದು ಬಂದರೇನೇ ಅದು ನರುಕೋ ಗೊಂಬೆ.

ಊರೂರಿಗೂ ಒಂದೊಂದು ಗುರುತಿದೆ. ನರುಕೋದ ಗೊಂಬೆ ಮೈಮೇಲೆ ಸೇವಂತಿಗೆ. ತ್ಸುಚಿಯು ಅನ್ನೋ ಊರಿನದಕ್ಕೆ ನೆತ್ತಿಯ ಮೇಲೆ ಸುತ್ತು ಸುತ್ತು ಗೆರೆ.

ನಮ್ಮೂರಿನ ಬಾವಾಸ್ ಮಿಯಾ ಅವರು ಜಪಾನಿನ ವಿದ್ಯೆ ನೋಡಿ ನಮ್ಮ ಕಸುಬಿಗೆ ಹೊಂದಿಸಿದರು ಅಂತ ತಾತ ಹೇಳುತ್ತಿದ್ದರಲ್ಲ, ಅದನ್ನು ಯಜಮಾನರಿಗೆ ಹೇಳಿದೆ. ಮೊಬೈಲಿನಲ್ಲಿ ನೀವು ಉಳಿ ಹಿಡಿದು ಕೂತ ಫೋಟೊ ತೋರಿಸಿದೆ. ಅವರು ನಿಮ್ಮ ಮುಖ ನೋಡಲಿಲ್ಲ, ಅಪ್ಪ. ಫೋಟೊ ದೊಡ್ಡದು ಮಾಡಿ ನಿಮ್ಮ ಹೆಬ್ಬೆರಳನ್ನೇ ನೋಡುತ್ತಿದ್ದರು. ಆಮೇಲೆ ತಮ್ಮ ಹೆಬ್ಬೆರಳು ತೋರಿಸಿದರು. ಅದೇ ಜಾಗದಲ್ಲಿ ಅದೇ ಜಡ್ಡುಗಟ್ಟಿದ ಚರ್ಮ.

ಕೊನೆಗೆ ಗೊಂಬೆಯನ್ನು ತಲೆಕೆಳಗೆ ಮಾಡಿ ತಳದಲ್ಲಿ ಕುಂಚದಿಂದ ತಮ್ಮ ಹೆಸರು ಬರೆದರು. ಇಲ್ಲಿ ಹೀಗೇ. ಯಾರ ಕೈಯಿಂದ ಬಂತು ಅಂತ ತಳ ನೋಡಿದರೆ ಗೊತ್ತಾಗುತ್ತೆ. ಐವತ್ತು ವರ್ಷ ಹಳೆಯ ಗೊಂಬೆಯನ್ನೂ ಜನ ಮೊದಲು ತಿರುಗಿಸಿ ಹೆಸರು ಓದುತ್ತಾರೆ. ರೈಲಿನಲ್ಲಿ ವಾಪಸ್ ಬರುವಾಗ ಪೂರ್ತಿ ಅದೇ ಯೋಚನೆ. ನೀವು ಇಷ್ಟು ವರ್ಷ ಎಷ್ಟು ಸಾವಿರ ಬುಗುರಿ, ಗಿಲಕಿ, ಕುದುರೆ ಮಾಡಿದ್ದೀರಿ. ಒಂದರ ತಳದಲ್ಲೂ ನಿಮ್ಮ ಹೆಸರಿಲ್ಲ.

ಆ ಗೊಂಬೆಯನ್ನು ಇದರ ಜೊತೆ ಕಳಿಸುತ್ತಿದ್ದೇನೆ. ತಲೆ ತಿರುಗಿಸಿ ಅಜ್ಜಿಗೆ ಸದ್ದು ಕೇಳಿಸಿ. ಅಕ್ಕನ ಮಗುವಿಗೆ ಗಿಲಕಿ ಮಾಡುತ್ತೀರಲ್ವಾ, ಅದರ ಹಿಡಿಯ ತುದಿಯಲ್ಲಿ ನಿಮ್ಮ ಹೆಸರು ಬರೆಯಿರಿ ಅಪ್ಪ. ಕನ್ನಡದಲ್ಲೇ. ಅರಗು ಹಚ್ಚೋ ಮೊದಲೇ ಬರೆಯಬೇಕೋ ಆಮೇಲೋ, ಅದು ನಿಮಗೇ ಗೊತ್ತು. ಬರೆದು ಫೋಟೊ ಕಳಿಸಿ.

ಇತಿ ನಿಮ್ಮ ಮಗಳು,
ಪುಟ್ಟಿ