ಆ ಒಂದು ಸಾಲಿಗೆ ಉತ್ತರ

ಲಂಪಾಂಗ್, ಥಾಯ್ಲೆಂಡ್
ಅಕ್ಟೋಬರ್ 12, ಬುದ್ಧ ಶಕ 2568

ಪ್ರೀತಿಯ ನೂ,

ಹದಿನೇಳು ತುಂಬಿದರೂ ಈ ಪಾಗೆ, ನಿನ್ನ ದೊಡ್ಡಮ್ಮನಿಗೆ, ನೀನಿನ್ನೂ ನೂ, ಅಂದರೆ ಇಲಿಮರಿಯೇ. ಹಾಗೇ ಕರೆಯುತ್ತೇನೆ, ಬೇಜಾರು ಮಾಡ್ಕೋಬೇಡ.

ಮನೆಯ ಸುದ್ದಿಯೆಲ್ಲ ಅಮ್ಮ ದಿನಾ ಫೋನಿನ ಲೈನ್ ಆ್ಯಪ್‌ನಲ್ಲಿ ಹೇಳುತ್ತಾಳೆ, ಅದು ಬಿಡು. ನೀನು ಎಕ್ಸ್‌ಚೇಂಜ್‌ನಲ್ಲಿ ಓದೋಕೆ ಹೋದ ಅಮೆರಿಕದ ಮಿನ್ನೆಸೋಟದ ಚಳಿ, ಹಳದಿ ಬಸ್ಸು, ಯೂನಿಫಾರ್ಮ್ ಇಲ್ಲದ ಶಾಲೆ, ಎಲ್ಲ ಖುಷಿಯಿಂದ ಓದಿದೆ. ಕೊನೆಯಲ್ಲಿ ನಿನ್ನನ್ನು ಇಟ್ಟುಕೊಂಡಿರುವ ಮನೆಯವರ ಬಗ್ಗೆ ಒಂದು ಸಾಲು ಬರೆದಿದ್ದೀಯಲ್ಲ, ‘ರಾತ್ರಿ ಹಸಿವಾಗುತ್ತೆ ಪಾ, ಆದ್ರೆ ಅವರ ಫ್ರಿಜ್ ತೆಗೆಯೋಕೆ ಕ್ರೆಂಗ್ ಜಾಯ್’ ಅಂತ. ಅದನ್ನು ಓದಿದ ಮೇಲೆ ಎರಡು ದಿನ ನನಗೇ ಊಟ ಸೇರಲಿಲ್ಲ.

ಕ್ರೆಂಗ್ ಜಾಯ್. ಇನ್ನೊಬ್ಬರಿಗೆ ಭಾರವಾಗಬಾರದು ಅನ್ನುವ ಆ ಸಂಕೋಚ. ನಿನಗದನ್ನು ಕಲಿಸಿದವಳು ನಾನೇ ಅಲ್ವಾ? ನಿನಗೆ ಐದು ವರ್ಷ. ಪಕ್ಕದ ಮನೆಯವರು ಮಾವಿನಹಣ್ಣು, ಅಂಟಕ್ಕಿ ಅನ್ನ ಕೊಟ್ಟಿದ್ದರು. ಎರಡನೇ ಸಲ ಕೈ ಚಾಚಿದೆ ಅಂತ ತೊಡೆ ಚಿವುಟಿದ್ದೆ. ನೀನು ಅಳಲಿಲ್ಲ, ಕೈ ಹಿಂದಕ್ಕೆ ತೆಗೆದುಕೊಂಡೆ. ‘ಎಷ್ಟು ಒಳ್ಳೇ ಮಗು’ ಅಂದರು ಅವರು. ನನಗೆ ಹೆಮ್ಮೆ ಆಗಿತ್ತು.

ಈಗ ಆ ಕೈ ಫ್ರಿಜ್ಜಿನ ಬಾಗಿಲಿನ ಹತ್ತಿರ ಹೋಗಿ ಹಿಂದೆ ಬರುತ್ತಿದೆ.

ನಿನ್ನಮ್ಮನಿಗೂ ಗೊತ್ತಿಲ್ಲದ್ದೊಂದು ಹೇಳುತ್ತೇನೆ. ನಾನು ಬ್ಯಾಂಕಾಕಿಗೆ ಓದೋಕೆ ಹೋದದ್ದು 2528ರಲ್ಲಿ. ನೀನಿರುವ ಊರಿನ ಲೆಕ್ಕದಲ್ಲಿ 1985. ರಾತ್ರಿ ರೈಲಿನಲ್ಲಿ ಹೊರಟು ಬೆಳಿಗ್ಗೆ ಹುವಾ ಲಂಪೋಂಗ್ ಸ್ಟೇಷನ್ನಿನಲ್ಲಿ ಇಳಿದೆ. ದೂರದ ನೆಂಟರ ಮನೆಯಲ್ಲಿ ವಾಸ. ಆ ಮನೆಯವರು ದಿನಾ ಕೇಳುತ್ತಿದ್ದರು, ‘ಕಿನ್ ಖಾವ್ ರೂ ಯಂಗ್?’ ಊಟ ಆಯ್ತಾ ಅಂತ. ನಾನು ದಿನಾ ಹೇಳುತ್ತಿದ್ದೆ, ‘ಕಿನ್ ಲೇವ್.’ ಆಯ್ತು. ಆಗಿರುತ್ತಿರಲಿಲ್ಲ. ಇನ್ನೊಂದು ಸಲ ಕೇಳಲಿ ಅಂತ ಕಾಯುತ್ತಿದ್ದೆ. ಅವರು ಕೇಳಲಿಲ್ಲ. ಅವರದೇನೂ ತಪ್ಪಿಲ್ಲ, ನನ್ನ ಮಾತು ನಂಬಿದರು.

ಹೊಟ್ಟೆಗಿಲ್ಲದೆ ಪಾಠ ತಲೆಗೆ ಹತ್ತುತ್ತಿರಲಿಲ್ಲ. ಒಂದು ಟರ್ಮ್ ಮುಗಿಸಿ ಅಕ್ಟೋಬರ್ ರಜೆಗೆ ಬಂದವಳು ವಾಪಸ್ ಹೋಗಲಿಲ್ಲ. ಓದು ನನಗಾಗಲ್ಲ ಅಂತ ಹೇಳಿದೆ. ನಿನ್ನಜ್ಜಿ ಕೊನೆಯವರೆಗೂ ಹಾಗೇ ತಿಳಿದಿದ್ದಳು. ನಿಜ ಹೇಳಬೇಕಿತ್ತು. ಈಗ ಯಾರಿಗೆ ಹೇಳಲಿ, ಅದಕ್ಕೇ ನಿನಗೆ.

ಕ್ಲಾಸಿನಲ್ಲೂ ನೀನು ಬಾಯಿ ಬಿಡುವುದಿಲ್ಲ, ಟೀಚರಿಗೆ ಬೇಸರ ಅಂತ ಬರೆದಿದ್ದೀಯ. ಅದೂ ಇದೇ ಫ್ರಿಜ್ಜಿನ ಕಥೆಯೇ ಅನ್ನಿಸುತ್ತೆ ನನಗೆ. ಗುರುಗಳಿಗೆ ನಮಸ್ಕರಿಸುವ ವಾಯ್ ಖ್ರೂ ದಿನ ಟೀಚರಿಗೆ ಕೊಡೋಕೆ ಇಬ್ಬರೂ ಕೂತು ಹೂ ಕಟ್ಟುತ್ತಿದ್ದೆವಲ್ಲ. ಗರಿಕೆ, ಬದನೆ ಹೂ, ಕೇಪಳ. ಬದನೆ ಹೂವಿನ ಹಾಗೆ ತಲೆ ಬಾಗಿರಬೇಕು ಅಂತ ಪ್ರತಿ ವರ್ಷ ಹೇಳಿದೆ. ಸೂಜಿಯಂಥ ಕೇಪಳದ ಮೊಗ್ಗೂ ಅದೇ ತಟ್ಟೆಯಲ್ಲಿತ್ತು. ಬುದ್ಧಿ ಹಾಗೆ ಚೂಪಾಗಿರಲಿ ಅಂತ ಇಡುವುದು ಅದು. ಅದರ ಮಾತು ನಾನು ಜಾಸ್ತಿ ಆಡಲೇ ಇಲ್ಲ.

ಏನು ಮಾಡು ಅಂತ ಹೇಳೋಕೆ ನಾನು ಅಮೆರಿಕ ನೋಡಿದವಳಲ್ಲ. ಆದರೂ, ಅವರು ಒಂದು ಸಲ ‘ಬೇಕಾ’ ಅಂದಾಗಲೇ ಹೂಂ ಅನ್ನು. ಮೂರು ಸಲ ಉಪಚಾರ ಮಾಡುವುದು ನಮ್ಮ ಕಡೆಯ ರೂಢಿ, ಅಲ್ಲಿ ಬೇಡ ಅಂದರೆ ಬೇಡ ಅಂತಲೇ ಅರ್ಥವಂತೆ. ಆರು ಗಂಟೆಗೇ ರಾತ್ರಿ ಊಟ ಮುಗಿದುಹೋಗುತ್ತೆ ಅಂತೀಯ. ನಿನ್ನಂಥವಳಿಗೆ ಹತ್ತಕ್ಕೆ ಹಸಿವಾಗದೆ ಇರುತ್ತಾ? ಆ ಮನೆಯ ತಾಯಿಗೆ ರಾತ್ರಿ ಹೇಳೋಕೆ ಆಗದಿದ್ದರೆ ಬೆಳಿಗ್ಗೆ ಹೇಳು. ಅದೂ ಕಷ್ಟವಾದರೆ ಒಂದು ಚೀಟಿ ಬರೆದಿಡು. ತಿಂಗಳಿಗೊಮ್ಮೆ ವಿಚಾರಿಸುವ ಕೋಆರ್ಡಿನೇಟರ್ ಇದ್ದಾರಲ್ಲ, ಅವರಿಗೆ ಸುಮ್ನೆ ‘ಚೆನ್ನಾಗಿದ್ದೀನಿ’ ಅನ್ನಬೇಡ. ಒಂದು ಭಾನುವಾರ ನೀನೇ ಎಲ್ಲರಿಗೂ ತುಳಸಿ ಹಾಕಿ ಹುರಿಯುವ ನಮ್ಮ ಕಪ್ರಾವ್ ಮಾಡಿ ಹಾಕು. ತುಳಸಿ ಸಿಗದಿದ್ದರೆ ಏನು ಹಾಕುವುದೋ, ನನಗೆ ಹೊಳೆಯುತ್ತಿಲ್ಲ. ಒಮ್ಮೆ ಅವರ ಒಲೆ ಹಚ್ಚಿದರೆ ಫ್ರಿಜ್ ಅಷ್ಟು ದೂರ ಅನ್ನಿಸಲಿಕ್ಕಿಲ್ಲ.

ಬಾಯಿ ಬರದಿದ್ದರೆ ನನಗೆ ಫೋನ್ ಮಾಡು. ಈಗ ನಿನಗೂ ನನಗೂ ಸರಿಯಾಗಿ ಹನ್ನೆರಡು ಗಂಟೆ ವ್ಯತ್ಯಾಸ. ನಿನಗೆ ರಾತ್ರಿ ಹತ್ತಾದಾಗ ನನಗೆ ಬೆಳಿಗ್ಗೆ ಹತ್ತು, ಅಂಗಡಿಯಲ್ಲಿ ಒಬ್ಬಳೇ ಇರುತ್ತೇನೆ. ಫೋನ್ ಹಿಡಿದುಕೊಂಡೇ ಅಡುಗೆಮನೆಗೆ ನಡೆ, ನಾನೂ ಜೊತೆಗೆ ಬರುತ್ತೇನೆ.

ಆಮೇಲೆ ಏನು ತಿಂದೆ ಅಂತ ಬರೆ. ಅನ್ನವೋ, ಬ್ರೆಡ್ಡೋ, ಎಷ್ಟು ಅಂತ. ‘ಕಿನ್ ಲೇವ್’ ಅಂತ ಒಂದೇ ಮಾತು ಬರೆದರೆ ನಾನು ನಂಬುವುದಿಲ್ಲ.

ನಿನ್ನ
ಪಾ