ಹಾಸನದ ಎಂಆರ್‌ಐ ಕೇಂದ್ರದ ಆ ತಂತ್ರಜ್ಞರಿಗೆ

ಹಾಸನದ ಸ್ಕ್ಯಾನಿಂಗ್ ಕೇಂದ್ರವೊಂದರಲ್ಲಿ ನಮ್ಮ ಮಗಳ ಎಂಆರ್‌ಐ ತೆಗೆದ ತಂತ್ರಜ್ಞರಿಗೆ ಈ ಮೂಲಕ ಕೃತಜ್ಞತೆ ಸಲ್ಲಿಸುತ್ತೇನೆ. ಗಾಬರಿಯಲ್ಲಿ ಅವರ ಹೆಸರನ್ನೂ ಕೇಳಲಿಲ್ಲ. ಮಗುವಿಗೆ ಒಂದು ವರ್ಷವಿದ್ದಾಗ ಮಾಡಿಸಿದ್ದ ಸ್ಕ್ಯಾನ್‌ನಲ್ಲಿ ದೋಷವೇನೂ ಕಂಡಿರಲಿಲ್ಲ, ಆದರೆ ಫಿಟ್ಸ್ ನಿಂತಿರಲಿಲ್ಲ. ಎಳೆಯ ಮಕ್ಕಳ ಮಿದುಳಿನಲ್ಲಿ ನರತಂತುಗಳ ಮಯಲಿನ್ ಹೊದಿಕೆ ಇನ್ನೂ ಬೆಳೆಯುತ್ತಿರುವುದರಿಂದ ಬೂದು ಭಾಗಕ್ಕೂ ಬಿಳಿ ಭಾಗಕ್ಕೂ ನಡುವಿನ ಗಡಿ ಚಿತ್ರದಲ್ಲಿ ಸ್ಪಷ್ಟವಾಗುವುದಿಲ್ಲ, ಹಾಗಾಗಿ ಹುಟ್ಟಿನಿಂದಲೇ ಇರುವ ಸಣ್ಣ ಕಾರ್ಟೆಕ್ಸ್ (ಮಿದುಳಿನ ಹೊರಪದರ) ದೋಷ ಮರೆಯಾಗಿ ಉಳಿಯಬಹುದು, ಎರಡು ವರ್ಷ ದಾಟಿದ ಮೇಲೆ ಮತ್ತೆ ನೋಡುವುದು ಅದಕ್ಕಾಗಿಯೇ ಎಂದು, ಹೊರಗೆ ಜನ ಕಾಯುತ್ತಿದ್ದರೂ, ಅವರು ಬಿಡಿಸಿ ಹೇಳಿದರು. ನಮ್ಮ ವೈದ್ಯರಿಗೆ ಫೋನ್ ಮಾಡಿ ಒಪ್ಪಿಗೆ ಪಡೆದು, 1 ಮಿಲಿಮೀಟರ್‌ನಷ್ಟು ತೆಳುವಾದ ಪದರಗಳ ಚಿತ್ರಗಳನ್ನೂ ಮಿದುಳಿನ ದ್ರವದ ಹೊಳಪನ್ನು ಅಡಗಿಸಿ ದೋಷವನ್ನು ಎದ್ದು ಕಾಣಿಸುವ ಫ್ಲೇರ್ ಚಿತ್ರಗಳನ್ನೂ ತೆಗೆದರು. ದಪ್ಪ ಪದರಗಳಲ್ಲಿ ಇಂಥ ದೋಷ ಕಣ್ತಪ್ಪುವುದುಂಟು. ಬೆಂಗಳೂರಿನ ನಿಮ್ಹಾನ್ಸ್‌ಗೆ ಫಿಲ್ಮ್ ಜೊತೆಗೆ ಸಿ.ಡಿ.ಯನ್ನೂ ಒಯ್ಯಲೇಬೇಕೆಂದು ಒತ್ತಿ ಹೇಳಿದವರೂ ಅವರೇ. ಅಲ್ಲಿನ ವೈದ್ಯರು ಆ ಚಿತ್ರಗಳನ್ನು ಇಇಜಿಯೊಂದಿಗೆ (ಮಿದುಳಿನ ವಿದ್ಯುತ್ ಚಟುವಟಿಕೆಯ ದಾಖಲೆ) ಹೋಲಿಸಿ, ಮಿದುಳಿನ ಎಡ ಮುಂಭಾಗದಲ್ಲಿ ಫೋಕಲ್ ಕಾರ್ಟಿಕಲ್ ಡಿಸ್‌ಪ್ಲೇಸಿಯಾ, ಅಂದರೆ ಹೊರಪದರದ ಒಂದು ಭಾಗ ಹುಟ್ಟಿನಿಂದಲೇ ಸರಿಯಾಗಿ ರೂಪುಗೊಳ್ಳದ ದೋಷ, ಇರುವುದನ್ನು ಗುರುತಿಸಿದರು. (ಬಾಲಗ್ರಹವೆಂದು ತಾಯತ ಕಟ್ಟಿಸಿದ್ದ ನಮ್ಮ ಅತ್ತೆಯವರೂ ಚಿತ್ರ ನೋಡಿದ ಮೇಲೆ ಇದು ಮಿದುಳಿನ ದೋಷವೆಂದು ಒಪ್ಪಿಕೊಂಡರು.) ಔಷಧಕ್ಕೆ ಬಗ್ಗದಿದ್ದರೆ ಶಸ್ತ್ರಚಿಕಿತ್ಸೆ ಸಾಧ್ಯವೇ ಎಂಬ ಪರಿಶೀಲನೆ ಈಗ ನಡೆದಿದೆ.