ನಮ್ಮ ಕೂಲಿಯನ್ನೂ ಲೆಕ್ಕಕ್ಕೆ ಹಾಕಿ

ಮಾನ್ಯ ಸಂಪಾದಕರೇ,

ಮನೆಯಲ್ಲೇ ಏನೋ ಶುರು ಮಾಡಿ ಮೇಲೆ ಬಂದ ಹೆಂಗಸರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರಹಗಳು ಬರುತ್ತವೆ. ಮಾರ್ಚ್ 8 ಹತ್ತಿರ ಬಂದರೆ ಇನ್ನೂ ಜಾಸ್ತಿ. ನಾನು ಒಂದನ್ನೂ ಬಿಡದೆ ಓದುತ್ತೇನೆ, ಕೆಲವನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಸಾಲ ಎಷ್ಟು ಸಿಕ್ಕಿತು, ವ್ಯಾಪಾರ ಎಷ್ಟಾಯಿತು, ಮನೆಯವರು ಹೇಗೆ ಜೊತೆ ನಿಂತರು, ಎಲ್ಲಾ ಇರುತ್ತದೆ. ಆ ಹೆಂಗಸು ದಿನಕ್ಕೆ ಎಷ್ಟು ಗಂಟೆ ದುಡಿಯುತ್ತಾಳೆ, ಆ ದುಡಿಮೆಗೆ ತಾನು ಎಷ್ಟು ಕೂಲಿ ತೆಗೆದುಕೊಳ್ಳುತ್ತಾಳೆ ಅನ್ನುವುದು ಮಾತ್ರ ಇರುವುದಿಲ್ಲ. ನಾನೂ ಮೂರು ವರ್ಷ ಅದನ್ನು ಯೋಚಿಸಿರಲಿಲ್ಲ. ಅದಕ್ಕೇ ಈ ಪತ್ರ.

ನಾನು ಹಾಸನದ ಒಂದು ಖಾಸಗಿ ಶಾಲೆಯಲ್ಲಿ 14 ವರ್ಷ ಪಾಠ ಮಾಡಿದವಳು. 2020ರಲ್ಲಿ ಕೊರೊನಾ ಬಂತು, ಶಾಲೆ ಮುಚ್ಚಿತು. ಮೊದಲು ಅರ್ಧ ಸಂಬಳ ಅಂದರು, ಆಮೇಲೆ ಅದೂ ನಿಂತಿತು, ಮತ್ತೆ ಶಾಲೆ ತೆರೆದಾಗ ನನ್ನನ್ನು ಕರೆಯಲಿಲ್ಲ. 44 ವರ್ಷಕ್ಕೆ ಹೊಸದಾಗಿ ಏನು ಮಾಡೋದು? ಅತ್ತೆಯವರು ಹೇಳಿಕೊಟ್ಟ ಸಾಂಬಾರು ಪುಡಿ, ಚಟ್ನಿಪುಡಿ, ರಾಗಿ ಹುರಿಹಿಟ್ಟು ಮಾಡಿ ಮಾರಲು ಶುರು ಮಾಡಿದೆ. ತಿನ್ನುವ ಪದಾರ್ಥ ಮಾರಲು ಬೇಕಾದ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ) ನೋಂದಣಿ ಮಾಡಿಸಿದೆ, ಆಗ ಅದಕ್ಕೆ ವರ್ಷಕ್ಕೆ 100 ರೂಪಾಯಿ ಶುಲ್ಕ. ಸಣ್ಣ ಉದ್ದಿಮೆ ಅಂತ ದಾಖಲಾಗುವ ಉದ್ಯಮ್ ನೋಂದಣಿಗೆ ಸರ್ಕಾರಕ್ಕೆ ಕಟ್ಟುವುದು ಏನೂ ಇಲ್ಲ, ಆಧಾರ್, ಪ್ಯಾನ್ ಇದ್ದರೆ ಮೊಬೈಲಲ್ಲೇ ಆಗುತ್ತದೆ. ಅದಕ್ಕೆ ಸಾವಿರಗಟ್ಟಲೆ ಕೊಟ್ಟ ಗೆಳತಿಯರು ನನಗೆ ಗೊತ್ತು, ದಯವಿಟ್ಟು ಯಾರೂ ಕೊಡಬೇಡಿ. ಮುದ್ರಾ ಯೋಜನೆಯ ಶಿಶು ಸಾಲ 50,000 ರೂಪಾಯಿ ಸಿಕ್ಕಿತು. ಅದರಲ್ಲಿ ದೊಡ್ಡ ಬಾಣಲೆ, ತೂಕದ ಯಂತ್ರ, ಪ್ಯಾಕೆಟ್ ಸೀಲ್ ಮಾಡುವ ಯಂತ್ರ ತಗೊಂಡೆ. ಎಲ್ಲರೂ ಮೆಚ್ಚಿದರು. ನನಗೂ ಖುಷಿಯಾಗಿತ್ತು.

ಆಮೇಲೆ ಒಂದು ಸಾರಿ ಜ್ವರ ಬಂದು ಹತ್ತು ದಿನ ಮಲಗಿದೆ. ಆರ್ಡರ್ ನಿಂತುಹೋಗುತ್ತದೆ, ಕೂಲಿಗೆ ಯಾರನ್ನಾದರೂ ಕರೆಯೋಣ ಅಂತ ಪಕ್ಕದ ಬೀದಿಯ ಒಬ್ಬರನ್ನು ಕೇಳಿದೆ. ಅವರು ಕೇಳಿದ ಕೂಲಿ ನ್ಯಾಯವಾಗಿಯೇ ಇತ್ತು. ಆದರೆ ಕೊಡುವುದು ಎಲ್ಲಿಂದ? ಮಲಗಿದಲ್ಲೇ ಪುಸ್ತಕ ತೆಗೆದು ಲೆಕ್ಕ ಹಾಕಿದೆ. ಹತ್ತು ಕೆಜಿ ಸಾಂಬಾರು ಪುಡಿಗೆ ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯ, ಬೇಳೆ, ಇಂಗು ಎಲ್ಲಾ ಸೇರಿ 2,690 ರೂಪಾಯಿ. ಮಿಲ್ಲಿಗೆ 250. ಗ್ಯಾಸಿಗೆ 100. ಕವರು, ಲೇಬಲ್ಲಿಗೆ 160. ಒಟ್ಟು 3,200. ಕಾಲು ಕೆಜಿಯ 40 ಪ್ಯಾಕೆಟ್ ಆಗುತ್ತದೆ, ಅಂಗಡಿಗೆ 90 ರೂಪಾಯಿಯಂತೆ ಕೊಟ್ಟರೆ 3,600. ಉಳಿಯುವುದು 400. ಇದನ್ನೇ ನಾನು ಲಾಭ ಅಂತ ಬರೆದುಕೊಳ್ಳುತ್ತಿದ್ದೆ. ಮೆಣಸಿನಕಾಯಿ ತೊಟ್ಟು ಬಿಡಿಸಿ, ಬಿಸಿಲಿಗೆ ಹಾಕಿ, ಒಂದೊಂದನ್ನೇ ಹದವಾಗಿ ಹುರಿದು, ಮಿಲ್ಲಿನಲ್ಲಿ ಸರತಿ ಕಾದು, ಆರಿಸಿ, ಜರಡಿ ಹಿಡಿದು, ತೂಗಿ ಪ್ಯಾಕ್ ಮಾಡುವಷ್ಟರಲ್ಲಿ ಪೂರ್ತಿ ಎರಡು ದಿನ ಹೋಗುತ್ತದೆ. ಎರಡು ದಿನಕ್ಕೆ 400. ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿ ಕೂಲಿ 2025ರ ಏಪ್ರಿಲ್‌ನಲ್ಲಿ ದಿನಕ್ಕೆ 370 ರೂಪಾಯಿ ಆಯಿತು, ಎರಡು ದಿನಕ್ಕೆ 740. ಅಂದರೆ ನನಗೆ ಲಾಭವೇ ಇರಲಿಲ್ಲ. ನನ್ನ ಕೂಲಿಯಲ್ಲೇ ಅರ್ಧದಷ್ಟನ್ನು ನಾನು ಗಿರಾಕಿಗಳಿಗೆ ಬಿಟ್ಟುಕೊಟ್ಟು, ಉಳಿದದ್ದನ್ನು ಲಾಭ ಅಂತ ತಿಳಿದುಕೊಂಡಿದ್ದೆ. 14 ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳಿಗೆ ಇದು ತಿಳಿಯಲು ಜ್ವರ ಬರಬೇಕಾಯಿತು ಅನ್ನುವುದು ಇವತ್ತಿಗೂ ಮನಸ್ಸಿಗೆ ನೋವು.

ಕೂಲಿ ಸೇರಿಸದೆ ಬೆಲೆ ಇಟ್ಟರೆ ಯಾರನ್ನೂ ಕೆಲಸಕ್ಕೆ ಇಟ್ಟುಕೊಳ್ಳಲು ಆಗುವುದಿಲ್ಲ. ಆ ಬೆಲೆ ನಡೆಯುವುದು ಮನೆಯ ಹೆಂಗಸು ಬಿಟ್ಟಿ ದುಡಿಯುವವರೆಗೆ ಮಾತ್ರ. ಅವಳು ಮಲಗಿದರೆ ಅಂಗಡಿ ಮುಚ್ಚಿತು. ಎಷ್ಟೋ ಹೆಂಗಸರು ಒಂದೆರಡು ವರ್ಷಕ್ಕೆ ಸುಸ್ತಾಗಿ ಬಿಟ್ಟುಬಿಡುತ್ತಾರೆ, ಆಗ ಜನ "ಅವಳಿಗೆ ವ್ಯಾಪಾರ ಗೊತ್ತಾಗಲಿಲ್ಲ" ಅಂತಾರೆ. ಗೊತ್ತಾಗಲಿಲ್ಲ ಅಂತಲ್ಲ, ಅವಳ ಕೂಲಿಯನ್ನು ಬರೆಯಲು ಯಾರೂ ಹೇಳಿಕೊಡಲಿಲ್ಲ.

ಚಿಕ್ಕಮಗಳೂರು ಕಡೆ ನನ್ನ ಚಿಕ್ಕಮ್ಮನ ಮಗಳು ಇದ್ದಾಳೆ. ಬೆಂಗಳೂರಿನ ಕೆಲಸ ಬಿಟ್ಟು ಬಂದು ಗಂಡನ ಜೊತೆ ತೋಟದ ಮನೆಯಲ್ಲಿ ಹೋಂಸ್ಟೇ ನಡೆಸುತ್ತಾಳೆ. ಶನಿವಾರ, ಭಾನುವಾರ ಬಂತು ಅಂದರೆ ಬೆಳಗ್ಗೆ ಐದಕ್ಕೇ ಎದ್ದು ಅಕ್ಕಿರೊಟ್ಟಿ, ಕಡುಬು, ಪತ್ರೊಡೆ, ಹನ್ನೆರಡು ಜನಕ್ಕೆ ಕಾಫಿ, ರಾತ್ರಿ ಹನ್ನೊಂದಕ್ಕೆ ಪಾತ್ರೆ. ಮಧ್ಯೆ ಮೂರು ತಿಂಗಳು ಅಡುಗೆಗೆ ಒಬ್ಬರನ್ನು ಇಟ್ಟಿದ್ದರು. ಅವಳು ಹೇಳಿದ್ದು ನನ್ನ ತಲೆಯಲ್ಲೇ ಉಳಿದಿದೆ: "ಅಡುಗೆಯವರು ಇದ್ದ ತಿಂಗಳು ಲಾಭ ಕಮ್ಮಿ, ನಾನೇ ಮಾಡಿದ ತಿಂಗಳು ಲಾಭ ಜಾಸ್ತಿ ಅಂತಾರೆ ಅಕ್ಕಾ. ಆ ಜಾಸ್ತಿ ದುಡ್ಡು ನನ್ನ ಕೂಲಿ ಅಲ್ವಾ?" ಹೌದು, ಅವಳದೇ ಕೂಲಿ. ಅಷ್ಟು ದುಡಿದರೂ ಪಂಚಾಯ್ತಿಯ ಲೈಸೆನ್ಸ್‌ನಿಂದ ಬ್ಯಾಂಕ್ ಖಾತೆಯವರೆಗೆ ಎಲ್ಲೂ ಅವಳ ಹೆಸರಿಲ್ಲ.

ನಮ್ಮ ಬೀದಿಯಲ್ಲೇ ಇನ್ನೊಬ್ಬರು ಗೃಹಲಕ್ಷ್ಮಿ ದುಡ್ಡು ಕೂಡಿಟ್ಟು ಹೊಲಿಗೆ ಯಂತ್ರ ತಗೊಂಡರು. ಬ್ಲೌಸ್ ಚೆನ್ನಾಗಿ ಹೊಲಿಯುತ್ತಾರೆ. ನೆಂಟರೇ ಸರಿಯಾಗಿ ದುಡ್ಡು ಕೊಡುವುದಿಲ್ಲ, "ಮನೇಲೇ ಕೂತು ಹೊಲಿಯೋದಲ್ವಾ" ಅಂತಾರೆ. ಮನೆಯಲ್ಲಿ ಕೂತು ಹೊಲಿದರೆ ಬೆನ್ನು ನೋಯುವುದಿಲ್ಲವೇ?

ಯೋಜನೆಗಳು ಇಲ್ಲ ಅಂತ ನಾನು ಹೇಳುತ್ತಿಲ್ಲ. ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಇದೆ, ಸ್ವಂತ ಉದ್ದಿಮೆಗೆ ಸಬ್ಸಿಡಿ ಜೊತೆ ಸಾಲ ಕೊಡಿಸುವ ಕೇಂದ್ರದ ಪಿಎಂಇಜಿಪಿ ಇದೆ. ಪಿಎಂಇಜಿಪಿಯಲ್ಲಿ ಹೆಂಗಸರು ಕೈಯಿಂದ ಶೇ 5 ಹಾಕಿದರೆ ಸಾಕು, ಹಳ್ಳಿಯಲ್ಲಿ ಶೇ 35, ಪಟ್ಟಣದಲ್ಲಿ ಶೇ 25 ಸಬ್ಸಿಡಿ. 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಶುರುವಾಯಿತು, ಅದೇ ಮಾದರಿಯ ಸ್ವಉದ್ಯೋಗ ತರಬೇತಿ ಕೇಂದ್ರಗಳು ಈಗ ನಮ್ಮ ಜಿಲ್ಲೆಗಳಲ್ಲೂ ಇವೆ. ತರಬೇತಿ, ಊಟ, ವಸತಿ ಉಚಿತ, ನಿಜವಾಗಿಯೂ ಒಳ್ಳೆಯ ಕೆಲಸ. ನನ್ನ ಕೋರಿಕೆ ಇಷ್ಟೇ. ಸಾಲಕ್ಕೆ ಬರೆಸುವ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಕಚ್ಚಾ ಮಾಲು, ಕರೆಂಟು, ಬಾಡಿಗೆ, ಕೆಲಸದವರ ಸಂಬಳ ಎಲ್ಲದಕ್ಕೂ ಸಾಲು ಇರುತ್ತದೆ, ಹಾಗೆಯೇ ಸಾಲ ಕೇಳುವ ಹೆಂಗಸಿನ ಸ್ವಂತ ಕೂಲಿಗೂ ಒಂದು ಸಾಲು ಇರಲಿ. ನನ್ನ ರಿಪೋರ್ಟನ್ನು ಆಡಿಟರ್ ಹತ್ತಿರ ಬರೆಸಿದಾಗ ಅಂಥ ಸಾಲು ಇರಲಿಲ್ಲ, ನಾನೂ ಕೇಳಲಿಲ್ಲ. ಕೂಲಿ ಕಳೆದ ಮೇಲೆ ಏನೂ ಉಳಿಯುವುದಿಲ್ಲ ಅಂತಾದರೆ ಬೆಲೆ ಬದಲಾಯಿಸಲಿ ಅಥವಾ ಬೇರೆ ಕೆಲಸ ಹುಡುಕಲಿ, ಆದರೆ ಸಾಲ ತೆಗೆಯುವ ಮೊದಲೇ ಅದು ಅವಳಿಗೆ ಗೊತ್ತಾಗಲಿ.

ಲಿಜ್ಜತ್ ಹಪ್ಪಳದ ಕಥೆ ಎಲ್ಲರಿಗೂ ಗೊತ್ತು, 1959ರಲ್ಲಿ ಮುಂಬೈಯಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲದಲ್ಲಿ ಶುರು ಮಾಡಿದ್ದು. ನಾವು ಯಾವಾಗಲೂ ಆ 80 ರೂಪಾಯಿಯನ್ನೇ ಹೇಳುತ್ತೇವೆ. ಅಲ್ಲಿ ಹಪ್ಪಳ ಲಟ್ಟಿಸಿದ್ದಕ್ಕೆ ಕೆಜಿ ಲೆಕ್ಕದಲ್ಲಿ ಕೂಲಿ ಬೇರೆ, ಲಾಭದಲ್ಲಿ ಪಾಲು ಬೇರೆ. ಲಟ್ಟಿಸುವವಳೇ ಒಡತಿ, ಆದರೂ ಕೂಲಿ ಬಿಟ್ಟಿಲ್ಲ. ಅಷ್ಟು ವರ್ಷ ಅದು ನಿಂತದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ನಂಬಿಕೆ.

ಉದ್ರಿಯ ಬಗ್ಗೆಯೂ ಹೇಳಬೇಕು. ಅಂಗಡಿಯವರು ಮಾಲು ಇಳಿಸಿಕೊಂಡು ಎರಡು ಮೂರು ತಿಂಗಳು ಓಡಾಡಿಸುತ್ತಾರೆ. ನಮ್ಮಂಥ ಸಣ್ಣ ಉತ್ಪಾದಕರಿಗೆ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ, ಒಪ್ಪಂದ ಇದ್ದರೂ 45 ದಿನದೊಳಗೆ ದುಡ್ಡು ಕೊಡಲೇಬೇಕು. ಬರವಣಿಗೆಯಲ್ಲಿ ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ಬಡ್ಡಿಯೂ ಉಂಟು. ಈ ವಿಷಯ ನಮ್ಮ ಸಂಘದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ದಿನಾ ಮುಖ ನೋಡುವ ಅಂಗಡಿಯವರ ಮೇಲೆ ದೂರು ಕೊಡಲು ಮನಸ್ಸು ಬರುವುದಿಲ್ಲ, ಅದು ನನಗೂ ಗೊತ್ತು. ನಾನು ಬಿಲ್ಲಿನ ಮೇಲೆ "30 ದಿನದೊಳಗೆ ಪಾವತಿ" ಅಂತ ಬರೆದು ಅವರ ಸಹಿ ಹಾಕಿಸುತ್ತೇನೆ, ಉದ್ಯಮ್ ನಂಬರನ್ನೂ ಅಲ್ಲೇ ಹಾಕಿರುತ್ತೇನೆ. ಅಷ್ಟಕ್ಕೇ ಮುಕ್ಕಾಲು ಪಾಲು ದುಡ್ಡು ಹೊತ್ತಿಗೆ ಸರಿಯಾಗಿ ಬರುತ್ತಿದೆ.

ಬೆಲೆಯನ್ನು ನಾನು 90ರಿಂದ 110ಕ್ಕೆ ಏರಿಸಿದೆ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಎರಡು ಅಂಗಡಿಯವರು ಬೇಡ ಅಂದರು, 40 ಪ್ಯಾಕೆಟ್ ಹೋಗುತ್ತಿದ್ದ ಕಡೆ 25 ಹೋಯಿತು. ಆದರೆ ಒಂದು ಪ್ಯಾಕೆಟ್ಟಿಗೆ ಖರ್ಚು 80 ರೂಪಾಯಿ, ಉಳಿಯುವುದು 30. 25 ಪ್ಯಾಕೆಟ್ಟಿಗೆ 750. ಮೊದಲು 40 ಮಾರಿ 400 ನೋಡುತ್ತಿದ್ದವಳು ಕಮ್ಮಿ ದುಡಿದು ಜಾಸ್ತಿ ನೋಡಿದೆ. ನಾಲ್ಕು ತಿಂಗಳಲ್ಲಿ ಹಳೆಯ ಗಿರಾಕಿಗಳು ಸುಮಾರು ಜನ ವಾಪಸ್ ಬಂದರು. ಜ್ವರ ಬಂದಾಗ ನಾನು ಕರೆದು ಕೊಡಲಾಗದೆ ಬಿಟ್ಟಿದ್ದೆನಲ್ಲ, ಅವರೇ ಈಗ ವಾರಕ್ಕೆ ಮೂರು ದಿನ ಬರುತ್ತಾರೆ. ಅವರಿಗೂ ಕೂಲಿ ಉಂಟು, ನನಗೂ ಉಂಟು. ತಿಂಗಳ ಮೊದಲ ದಿನ ನನ್ನ ಕೂಲಿಯನ್ನು ನನ್ನದೇ ಬೇರೆ ಖಾತೆಗೆ ಹಾಕಿಕೊಳ್ಳುತ್ತೇನೆ.

ಹಾಸನಾಂಬ ದರ್ಶನದ ದಿನಗಳಲ್ಲಿ ಸ್ತ್ರೀಶಕ್ತಿ ಸಂಘದವರು, ಮನೆಯಲ್ಲೇ ತಿಂಡಿ ಮಾಡುವವರು ಅಲ್ಲಲ್ಲಿ ನಿಪ್ಪಟ್ಟು, ಚಕ್ಕುಲಿ, ಪುಡಿ ಇಟ್ಟುಕೊಂಡು ಕೂತಿರುತ್ತಾರೆ. ಓದುಗರಲ್ಲಿ ನನ್ನ ಬೇಡಿಕೆ, ಅವರ ಹತ್ತಿರ ಹತ್ತು ರೂಪಾಯಿಗೆ ಚೌಕಾಸಿ ಮಾಡಬೇಡಿ.

ಸಂಪಾದಕರೇ, ಮುಂದಿನ ಸಾರಿ ನಿಮ್ಮ ವರದಿಗಾರರು ಇಂಥ ಒಬ್ಬ ಹೆಂಗಸಿನ ಬಗ್ಗೆ ಬರೆಯಲು ಹೋದಾಗ ಒಂದು ಪ್ರಶ್ನೆ ಜಾಸ್ತಿ ಕೇಳಲಿ: "ತಿಂಗಳಿಗೆ ನಿಮ್ಮ ಕೂಲಿ ಅಂತ ಎಷ್ಟು ತಗೊಳ್ತೀರಿ?" ಅವರು ಏನೂ ಇಲ್ಲ ಅಂದರೆ, ಅದನ್ನೂ ಹಾಗೇ ಬರೆಯಿರಿ.

ಇಂತಿ,
ಪುಡಿ ಮಾಡಿ ಮಾರುವ, ನಿಮ್ಮ ಓದುಗರಲ್ಲಿ ಒಬ್ಬಳು
ಹಾಸನ